ನಕ್ಷೆಯಿಂದ ನೆಲಕ್ಕೆ
2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆಯೇ ಜರಿಯಿತು. ಇಳಿಜಾರು, ಮಣ್ಣು, ಮಳೆ, ಭೂಬಳಕೆಯ ವಿವರಗಳನ್ನು ಒಂದೇ ನಕ್ಷೆಯಲ್ಲಿ ಪದರಗಳಾಗಿ ಹೊಂದಿಸಿ, ಇಂತಹ ಅಪಾಯದ ತಾಣಗಳನ್ನು ಮೊದಲೇ ಗುರುತಿಸಲು ನೆರವಾಗುವ ವಿದ್ಯೆ ಭೌಗೋಳಿಕ ಮಾಹಿತಿ ವಿಜ್ಞಾನ. ಇಸ್ರೊದ ‘ಭುವನ್’ 2009ರಿಂದ ಉಪಗ್ರಹ ಚಿತ್ರಗಳನ್ನು ಒದಗಿಸುತ್ತಿದೆ. ನಕ್ಷೆ ರಚನೆಗೆ ಪೂರ್ವಾನುಮತಿಯ ನಿಯಮವೂ 2021ರಲ್ಲಿ ಸಡಿಲಗೊಂಡಿದೆ. ಸಾಧನಗಳಿಲ್ಲವೆಂಬ ನೆಪ ವಿಶ್ವವಿದ್ಯಾಲಯಗಳಿಗೆ ಇನ್ನು ಸಲ್ಲದು. ಆದರೆ ತಂತ್ರಾಂಶ ಬಳಕೆಯನ್ನಷ್ಟೇ ಕಲಿಸಿದರೆ ಸಾಲದು. ರಸ್ತೆಗಾಗಿ ಕಡಿದ ಗುಡ್ಡವನ್ನೂ ದಿಕ್ಕು ತಪ್ಪಿದ ನೀರಿನ ಹರಿವನ್ನೂ ವಿದ್ಯಾರ್ಥಿಯು ಸ್ಥಳದಲ್ಲೇ ಕಂಡು, ಪರದೆಯ ಮೇಲಿನ ಬಣ್ಣವನ್ನು ನೆಲದೊಂದಿಗೆ ತಾಳೆ ನೋಡಬೇಕು. ಆ ನಕ್ಷೆಗಳು ಪ್ರಬಂಧಗಳಲ್ಲೇ ಉಳಿಯದೆ, ಕಾಮಗಾರಿಗೆ ಒಪ್ಪಿಗೆ ನೀಡುವ ಮುನ್ನವೇ ಜಿಲ್ಲಾಡಳಿತವನ್ನು ತಲುಪಬೇಕು. ಗುಡ್ಡ ಕುಸಿದ ಮೇಲಿನ ಸಮೀಕ್ಷೆಯಿಂದ ಹೋದ ಜೀವ ಮರಳದು.