ಸೋಯಾ ಅವರೆಯ ಬಿತ್ತನೆ ಬೀಜವೂ ಅದರ ಸಿಪ್ಪೆಯೂ

ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಬೆಳೆಯುವ ಸೋಯಾ ಅವರೆಯ ಬೀಜವು ಕೊಯ್ಲಿನಲ್ಲಿ ಚೆನ್ನಾಗಿ ಮೊಳೆಯುವಂತಿದ್ದರೂ, ಮುಂದಿನ ಮುಂಗಾರಿನ ವೇಳೆಗೆ ಆ ಶಕ್ತಿಯನ್ನು ಎಷ್ಟೋ ಸಲ ಕಳೆದುಕೊಂಡಿರುವುದು. ಇದಕ್ಕೆ ಉಗ್ರಾಣವೊಂದನ್ನೇ ದೂರುವುದು ನ್ಯಾಯವಲ್ಲ. ಕಾಳಿನ ತೂಕದಲ್ಲಿ ಶೇಕಡ ಸುಮಾರು 8 ಭಾಗವಿರುವ ತೆಳುವಾದ ಸಿಪ್ಪೆಯೇ ಅದರ ಕವಚ. ಸಿಪ್ಪೆಗೆ ಗಟ್ಟಿತನವನ್ನು ಕೊಡುವ ಲಿಗ್ನಿನ್ ಎಂಬ ಪದಾರ್ಥವು ಕಡಮೆಯಾದಷ್ಟೂ ಅದು ಬಡಿತಕ್ಕೆ ಬೇಗನೆ ಸೀಳುವುದು. ಸೀಳಿನಿಂದ ತೇವವೂ ಬೂಷ್ಟೂ ಒಳಸೇರುವುವು. ಎಳೆಬೇರು ಸಿಪ್ಪೆಯ ಕೆಳಗೇ ಇರುವುದರಿಂದ ಪೆಟ್ಟು ಅದಕ್ಕೆ ಸುಲಭವಾಗಿ ತಗಲುವುದು. ಕಪ್ಪು ಸಿಪ್ಪೆಯ ಜಾತಿಗಳಲ್ಲಿ ಸಾಮಾನ್ಯವಾಗಿ ಲಿಗ್ನಿನ್ ಅಧಿಕ. ಅವು ಹೆಚ್ಚು ಕಾಲ ತಾಳುವುವು. ಪೇಟೆಯಾದರೋ ಹಳದಿಯನ್ನೇ ಬಯಸುವುದು.

ಆದುದರಿಂದ ತಳಿಗಳನ್ನು ಆರಿಸುವವರು ಇಳುವರಿಯೊಡನೆ ಸಿಪ್ಪೆಯ ಬಲವನ್ನೂ ಗಣಿಸತಕ್ಕದ್ದು. ಅಲ್ಲಿಯವರೆಗೆ ರೈತರು ಬಿತ್ತನೆ ಬೀಜವನ್ನು ಮೆಲ್ಲಗೆ ಒಕ್ಕಿ, ತೇವವು ಶೇಕಡ 12ನ್ನು ಮೀರದಂತೆ ಒಣಗಿಸಿ, ಚೀಲಗಳನ್ನು ಎತ್ತಿ ಎಸೆಯದೆ ಇಡಬೇಕು. ಬಿತ್ತುವ ಮೊದಲು 100 ಕಾಳುಗಳನ್ನು ಮೊಳೆಯಿಸಿ ನೋಡಲಿ. ಪ್ರಮಾಣಿತ ಬೀಜಕ್ಕೆ ವಿಧಿಸಿರುವ 70ಕ್ಕಿಂತ ಕಡಮೆ ಮೊಳೆತರೆ, ಹದವು ತಪ್ಪಿದ ಮೇಲೆ ಮರುಬಿತ್ತನೆಗಾಗಿ ಸಾಲಮಾಡುವುದಕ್ಕಿಂತ ಮುಂಚಿತವಾಗಿಯೇ ಬೇರೆ ಬೀಜವನ್ನು ತರುವುದು ಲೇಸು.