ಪ್ರಾಣಿಗಳು ಹಾಕಿದ ಕೇಸು

ಪ್ರಾಣಿಗಳು ನಮ್ಮ ಮೇಲೆ ಕೇಸು ಹಾಕಿದರೆ ನಾವು ಗೆಲ್ತೀವಾ? 10ನೇ ಶತಮಾನದಲ್ಲಿ, ಇರಾಕಿನ ಬಸ್ರಾದಲ್ಲಿ, ಇಖ್ವಾನ್ ಅಲ್-ಸಫಾ ಎಂಬ ಮುಸ್ಲಿಂ ಚಿಂತಕರ ಗುಂಪು ಇದೇ ಪ್ರಶ್ನೆ ಇಟ್ಟುಕೊಂಡು ಕತೆ ಬರೆದಿದೆ.

ಹಡಗು ದಾರಿ ತಪ್ಪಿ ಕೆಲವರು ಒಂದು ದ್ವೀಪಕ್ಕೆ ಬರ್ತಾರೆ. ಅಲ್ಲಿನ ಪ್ರಾಣಿಗಳನ್ನು ಹಿಡಿದು ದುಡಿಸೋಕೆ ಶುರು ಮಾಡ್ತಾರೆ. ಪ್ರಾಣಿಗಳು ಜಿನ್ನ್‌ಗಳ ರಾಜನಿಗೆ ದೂರು ಕೊಡ್ತವೆ. ‘ನಮ್ಮ ದೇಹದ ಅಳತೆಯೇ ಸರಿ, ಅದಕ್ಕೇ ನಾವು ಯಜಮಾನರು’ ಅನ್ನೋದು ಮನುಷ್ಯರ ವಾದ. ಪ್ರಾಣಿಗಳ ಉತ್ತರ ಥೇಟ್ ಡಿಸೈನ್ ಕ್ಲಾಸ್: ಒಂಟೆಗೆ ಕಾಲು ಉದ್ದ, ನೆಲದ ಹುಲ್ಲು ಎಟುಕಲಿ ಅಂತ ಕತ್ತೂ ಉದ್ದ. ಕೌಶಲದ ಮಾತು ಬಂದರೆ, ಸ್ಕೇಲು ಕಂಪಾಸ್ ಇಲ್ಲದೆ ಷಡ್ಭುಜ ಕಟ್ಟುವ ಜೇನು ಇದೆ.

ಕೊನೆಗೆ ಗೆಲ್ಲೋದು ಮನುಷ್ಯರೇ. ಆದರೆ ಬುದ್ಧಿಯಿಂದ ಅಲ್ಲ, ಸತ್ತ ಮೇಲೂ ನಮಗೆ ಬದುಕಿದೆ ಅನ್ನುವ ಕಾರಣಕ್ಕೆ. ಅಲ್ಲಿ ಸ್ವರ್ಗದ ಜೊತೆ ನರಕವೂ ಇದೆಯಲ್ಲ ಅಂತ ಪ್ರಾಣಿಗಳು ನೆನಪಿಸ್ತವೆ. ನನಗೆ ಅರ್ಥವಾಗಿದ್ದು ಇಷ್ಟು: ಮನುಷ್ಯನ ಹೆಚ್ಚುಗಾರಿಕೆ ಅಂದರೆ ಲೆಕ್ಕ ಒಪ್ಪಿಸುವ ಹೊಣೆ. ಹದೀಸ್‌ಗಳಲ್ಲೂ ಬಾಯಾರಿದ ನಾಯಿಗೆ ನೀರು ಕೊಟ್ಟವನಿಗೆ ಕ್ಷಮೆ ಸಿಗುತ್ತೆ, ಬೆಕ್ಕನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸಿದವಳಿಗೆ ನರಕ.

ಇಸ್ಲಾಂ, ಪ್ರಾಣಿ ಅಂದ ತಕ್ಷಣ ನಮ್ಮ ಚರ್ಚೆ ಮಾಂಸದ ಸುತ್ತಲೇ ಗಿರಕಿ ಹೊಡೆಯುತ್ತೆ. ಆ ಪ್ರಾಣಿ ಬದುಕಿದ್ದಾಗ ಹೇಗಿತ್ತು ಅಂತ ತಿನ್ನೋರೂ ಕೇಳಲ್ಲ, ತಿನ್ನದೋರೂ ಕೇಳಲ್ಲ. ಹಾಲು ಕುಡಿಯೋರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ನಾಳೆ ಕಾಡಿನ ನಡುವೆ ಹೈವೇ ಎಳೆಯೋರು, ಕೋಳಿ ಫಾರ್ಮಿನ ಮಷೀನು ಡಿಸೈನ್ ಮಾಡೋರು ನಾವೇ. ‘ನಮಗೆ ಬುದ್ಧಿ ಇದೆ’ ಅನ್ನುವ ವಾದ ಸಾವಿರ ವರ್ಷದ ಹಿಂದೆಯೇ ಆ ಕೋರ್ಟಿನಲ್ಲಿ ಬಿದ್ದುಹೋಗಿದೆ. ಬೇರೆ ಉತ್ತರ ರೆಡಿ ಮಾಡ್ಕೊಳ್ಳೋಣ.