ಬಿಲದ ಮೀನಿಗೆ ತಕ್ಕ ಮರಳು

ಗಾಜಿನ ತೊಟ್ಟಿಯಲ್ಲಿ ಕಡಲ ಮೀನುಗಳನ್ನು ಸಾಕುವ ಹವ್ಯಾಸವು ಈಗ ನಮ್ಮ ನಗರಗಳಲ್ಲಿಯೂ ಕಾಣಬರುತ್ತಿದೆ. ಇದು ಸಂತೋಷದ ವಿಷಯವೇ. ಆದರೆ ಅದರೊಡನೆ ಒಂದು ಅವಿವೇಕವೂ ಬೆರೆತಿದೆ. ನೀರಿನ ಲವಣಾಂಶ, ಉಷ್ಣತೆ, ಬೆಳಕು ಇವುಗಳ ವಿಷಯದಲ್ಲಿ ಬಹಳ ಎಚ್ಚರ ವಹಿಸುವವರು ಕೂಡ ತಳಕ್ಕೆ ಹಾಸುವ ಮರಳನ್ನು ಕೇವಲ ಅಲಂಕಾರವೆಂದೇ ಎಣಿಸುತ್ತಾರೆ. ಸದಾ ಈಜಿಕೊಂಡಿರುವ ಮೀನಿನ ಮಟ್ಟಿಗೆ ಈ ಎಣಿಕೆಯಿಂದ ಹೆಚ್ಚಿನ ಹಾನಿಯಿಲ್ಲ. ಬಿಲ ತೋಡಿ ಬಾಳುವ ಮೀನಿಗಾದರೋ ತಳವೇ ಮನೆ, ತಳವೇ ಕೋಟೆ. ಅದನ್ನು ಸರಿಯಾಗಿ ಒದಗಿಸಲಾರದವರು ಅಂಥ ಮೀನನ್ನು ತರಲೇಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಇದು ಬರಿಯ ಕನಿಕರದ ಮಾತಲ್ಲ. ಭೌತವಿಜ್ಞಾನವೂ ಇದನ್ನು ಸಮರ್ಥಿಸುತ್ತದೆ.

ಕಡಲತೀರದಲ್ಲಿ ಮಕ್ಕಳು ಒದ್ದೆ ಮರಳಿನಿಂದ ಗೋಪುರ ಕಟ್ಟುತ್ತಾರೆ. ಒಣ ಮರಳು ಹಾಗೆ ನಿಲ್ಲದು. ಒದ್ದೆ ಮರಳು ನಿಲ್ಲುತ್ತದೆ. ಕಾರಣವೇನು? ಕಣಗಳ ನಡುವೆ ನೀರೂ ಗಾಳಿಯೂ ಇರುವಾಗ ನೀರಿನ ಮೇಲ್ಮೈ ಎಳೆತವು ಕಣಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುತ್ತದೆ. ಅದೇ ಗೋಪುರವನ್ನು ಪೂರ್ತಿಯಾಗಿ ನೀರಿನಲ್ಲಿ ಮುಳುಗಿಸಿದರೆ ನಡುವಣ ಗಾಳಿ ಹೊರಟುಹೋಗಿ, ಬಿಗಿತ ತಪ್ಪಿ, ಗೋಪುರ ಕುಸಿಯುತ್ತದೆ. ಮುಳುಗಿದ ಶುದ್ಧ ಮರಳಿನಲ್ಲಿ ನೆಟ್ಟನೆಯ ಗೋಡೆ ತಾನಾಗಿ ನಿಲ್ಲಲಾರದು. ಆದ್ದರಿಂದ ಮರಳಿನ ತಳದಲ್ಲಿ ಬಿಲ ಮಾಡುವ ಪ್ರಾಣಿಯು ಗೋಡೆಯನ್ನು ನಿಲ್ಲಿಸುವ ಉಪಾಯವೊಂದನ್ನು ಪಡೆದಿರಲೇಬೇಕು. ಉಪಾಯ ಬೇರೆಯಾದಂತೆ, ಅದಕ್ಕೆ ಬೇಕಾದ ಮರಳೂ ಬೇರೆಯಾಗುತ್ತದೆ.

ಫ್ಲಾರಿಡಾ ಮತ್ತು ಕೆರಿಬಿಯನ್ ಕಡಲುಗಳಲ್ಲಿ ವಾಸಿಸುವ ಹಳದಿ ತಲೆಯ ದವಡೆಮೀನನ್ನು ನೋಡಿರಿ. ಸುಮಾರು ೧೦ ಸೆಂಟಿಮೀಟರ್ ಉದ್ದದ ಈ ಮೀನು ಬಾಯಿತುಂಬ ಮರಳನ್ನು ಹೊತ್ತು ಹೊರಗೆ ಉಗುಳುತ್ತದೆ; ಬಳಿಕ ಸಣ್ಣ ಕಲ್ಲು, ಚಿಪ್ಪಿನ ಚೂರುಗಳನ್ನು ತಂದು ಬಿಲದ ಒಳಮೈಗೆ ಒಂದೊಂದಾಗಿ ಜೋಡಿಸುತ್ತದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟುವ ನಮ್ಮ ಹೊಲಗದ್ದೆಗಳ ಪೌಳಿಯಂತೆ ಇದರ ಕೆಲಸ. ಬರಿಯ ನುಣುಪು ಮರಳನ್ನು ಕೊಟ್ಟರೆ ಈ ಕುಶಲಿಯ ಕೈಗೆ ಕಲ್ಲೇ ಸಿಕ್ಕದಂತಾಯಿತು. ಬಿಲ ಕುಸಿಯುತ್ತದೆ, ಮೀನು ಮತ್ತೆ ತೋಡುತ್ತದೆ. ಕೊನೆಗೆ ಅಂಜಿ, ತೆರೆದ ತೊಟ್ಟಿಯಿಂದ ಹೊರಕ್ಕೆ ನೆಗೆದು ಸಾಯುವುದೂ ಉಂಟು. ಇದಕ್ಕೆ ಸಣ್ಣ ಮರಳಿನೊಡನೆ ಹಲವು ಗಾತ್ರದ ಹರಳುಗಳು ಬೆರೆತಿರಬೇಕು. ಮರಳಿನ ಆಳ ೧೫ ಸೆಂಟಿಮೀಟರಿಗೆ ಕಡಿಮೆಯಿರಬಾರದು.

ಕಡಲ ಹಾವುಮೀನುಗಳಲ್ಲಿ ಒಂದು ಜಾತಿಯ ಉಪಾಯ ಇದಕ್ಕೆ ತೀರ ಭಿನ್ನ. ಮುಳುಗುಗಾರ ಹ್ಯಾನ್ಸ್ ಹಾಸನ ನೆನಪಿಗಾಗಿ ೧೯೫೯ರಲ್ಲಿ ಹೆಟೆರೊಕಾಂಗರ್ ಹಾಸಿ ಎಂದು ಹೆಸರು ಪಡೆದ ಈ ಮೀನು ಬಾಲವನ್ನು ಮುಂದಾಗಿಸಿ ಮರಳಿಗೆ ಇಳಿಯುತ್ತದೆ. ತನ್ನ ಮೈಯಿಂದ ಒಸರುವ ಲೋಳೆಯನ್ನೇ ಗಾರೆಯಾಗಿಸಿ ಗೋಡೆಯನ್ನು ಮೆತ್ತುತ್ತದೆ. ಇದಕ್ಕೆ ಕಲ್ಲು ಬೇಡ. ಚರ್ಮವನ್ನು ಗೀರದ ಸಣ್ಣ ಮರಳು ಬೇಕು. ಸುಮಾರು ೪೦ ಸೆಂಟಿಮೀಟರಿನವರೆಗೆ ಬೆಳೆಯುವ ಮೀನಿಗೆ ದವಡೆಮೀನಿನ ಮರಳಿನ ಆಳ ಸಾಲದೆಂದು ಬೇರೆ ಹೇಳಬೇಕಿಲ್ಲ. ೨೦೨೦ರಲ್ಲಿ ಟೋಕಿಯೋದ ಸುಮಿದಾ ಮತ್ಸ್ಯಾಲಯವು ಸಾಂಕ್ರಾಮಿಕದ ಕಾರಣ ಮುಚ್ಚಿದ್ದಾಗ, ಜನರನ್ನು ಕಾಣುವ ರೂಢಿ ತಪ್ಪಿದ ಈ ಮೀನುಗಳು ಪಾಲಕರು ಬಂದರೂ ಮರಳಿನೊಳಗೆ ಅಡಗತೊಡಗಿದವು. ಕೊನೆಗೆ ಸಾರ್ವಜನಿಕರು ವೀಡಿಯೋ ಕರೆಯ ಮೂಲಕ ಮುಖ ತೋರಿಸಬೇಕೆಂದು ಅಲ್ಲಿನವರು ಕೋರಿದರು. ಸೆರೆಯಲ್ಲಿಯೂ ಬಿಲವು ಮೀನಿಗೆ ನಿಜವಾದ ಆಶ್ರಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಲಿಕೋರಿಸ್ ಕುಲದ ರಾಸ್ ಮೀನುಗಳು ಬಿಲವನ್ನೇ ಕಟ್ಟುವುದಿಲ್ಲ; ಕತ್ತಲಾದೊಡನೆ ಮರಳಿಗೆ ಧುಮುಕಿ, ಅದರಡಿಯಲ್ಲಿ ನಿದ್ರಿಸುತ್ತವೆ. ಅವಕ್ಕೆ ಐದಾರು ಸೆಂಟಿಮೀಟರ್ ಆಳದ ಮೃದುವಾದ ಮರಳು ಸಾಕು. ಆದರೆ ಚೂಪಾದ ಹವಳದ ಹರಳಿನ ಮೇಲೆ ಧುಮುಕಿದರೆ ಮೈ ತರಚುತ್ತದೆ. ಬರಿಯ ಗಾಜಿಗೆ ಧುಮುಕಿದರೆ ಬಾಯಿ ಗಾಯವಾಗುತ್ತದೆ.

ಹೀಗೆ ಮೂರು ಮೀನುಗಳಿಗೆ ಮೂರು ಬಗೆಯ ತಳ ಬೇಕಾಯಿತು. ಭೂವಿಜ್ಞಾನಿಗಳು ಮರಳೆಂದು ಕರೆಯುವುದು ೦.೦೬೨೫ರಿಂದ ೨ ಮಿಲಿಮೀಟರಿನವರೆಗಿನ ಕಣಗಳನ್ನು; ಅಂದರೆ ಅತಿ ದೊಡ್ಡ ಕಣವು ಅತಿ ಸಣ್ಣದರ ೩೨ರಷ್ಟು ಅಗಲ. ಅಂಗಡಿಗೆ ಹೋಗಿ "ಒಂದು ಚೀಲ ಮರಳು ಕೊಡಿ" ಎಂದರೆ ಏನನ್ನೂ ಕೇಳಿದಂತಾಗಲಿಲ್ಲ!

ತಳವನ್ನು ಬರಿದಾಗಿಟ್ಟರೆ ಸ್ವಚ್ಛಗೊಳಿಸುವುದು ಸುಲಭ. ಆಳವಾದ ಮರಳಿನಲ್ಲಿ ಕಸ ಸೇರುತ್ತದೆ, ಕೆಳಪದರದಲ್ಲಿ ಆಮ್ಲಜನಕವಿಲ್ಲದೆ ಕೊಳೆತ ಮೊಟ್ಟೆಯ ವಾಸನೆಯ ಜಲಜನಕದ ಸಲ್ಫೈಡ್ ಹುಟ್ಟುತ್ತದೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ಆಮ್ಲಜನಕ ವಿರಳವಾದ ಅಂಥ ಪದರದಲ್ಲಿಯೇ ನೈಟ್ರೇಟನ್ನು ಸಾರಜನಕದ ಅನಿಲವಾಗಿ ಮಾರ್ಪಡಿಸುವ ಉಪಕಾರಿ ಬ್ಯಾಕ್ಟೀರಿಯಗಳೂ ಇರುತ್ತವೆ. ಆಳದ ಮರಳನ್ನು ಒಮ್ಮೆಲೇ ಕದಡದಿದ್ದರೆ ಅಪಾಯ ಕಡಮೆ. ಇಡೀ ತೊಟ್ಟಿಗೆ ಹಾಸುವುದು ಕಷ್ಟವಾದರೆ, ಒಂದು ಮೂಲೆಯಲ್ಲಿ ಆಳವಾದ ಪೆಟ್ಟಿಗೆಯನ್ನಿಟ್ಟು ಮರಳು ತುಂಬಬಹುದು. ಅದೂ ಆಗದೆಂಬವರಿಗೆ ಬಿಲ ತೋಡದ ಮೀನುಗಳು ಬೇಕಾದಷ್ಟಿವೆ. ತಮ್ಮ ಅನುಕೂಲಕ್ಕಾಗಿ ಮೀನಿನ ಸ್ವಭಾವವನ್ನೇ ಬದಲಿಸಲು ಹೊರಡುವುದು ಮಾತ್ರ ನ್ಯಾಯವಲ್ಲ.

ಆಳವಾಗಿ ಮರಳು ಹಾಸುವವರು ಲೆಕ್ಕವನ್ನೂ ಮರೆಯಬಾರದು. ೧೦೦ ಸೆಂಟಿಮೀಟರ್ ಉದ್ದ, ೪೫ ಸೆಂಟಿಮೀಟರ್ ಅಗಲದ ತೊಟ್ಟಿಗೆ ೧೫ ಸೆಂಟಿಮೀಟರ್ ಆಳ ಹಾಸಲು ೬೭.೫ ಲೀಟರ್ ಮರಳು ಬೇಕು. ಲೀಟರಿಗೆ ಒಂದೂವರೆ ಕಿಲೋಗ್ರಾಂ ಎಂದು ಹಿಡಿದರೆ ತೂಕ ಸುಮಾರು ೧೦೦ ಕಿಲೋಗ್ರಾಂ. ಇದನ್ನು ಮೇಜು ತಾಳಬೇಕು. ಬಂಡೆಗಳನ್ನು ಮೊದಲೇ ತಳದ ಮೇಲೆ ಭದ್ರವಾಗಿ ಕೂರಿಸಿ, ಆಮೇಲೆ ಮರಳು ಸುರಿಯಬೇಕು. ಮರಳಿನ ಮೇಲಿಟ್ಟ ಬಂಡೆಯ ಬುಡವನ್ನು ಮೀನು ತೋಡಿದರೆ, ಬಂಡೆ ಅದರ ಮೇಲೆಯೇ ಉರುಳೀತು. ಹರಳಿಗಾಗಿ ಕಡಲಿನ ಹವಳವನ್ನು ಕೀಳುವ ಯೋಚನೆಯಂತೂ ಕೂಡದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ನಮ್ಮ ದೇಶದಲ್ಲಿ ಹವಳಗಳಿಗೆ ರಕ್ಷಣೆಯಿದೆ.

ವಿದ್ಯಾರ್ಥಿಗಳು ಎರಡು ಗಾಜಿನ ಪಾತ್ರೆಗಳಲ್ಲಿ ನೀರು ತುಂಬಿ, ಒಂದರಲ್ಲಿ ಬರಿಯ ಸಣ್ಣ ಮರಳನ್ನೂ ಇನ್ನೊಂದರಲ್ಲಿ ಹರಳು ಬೆರೆಸಿದ ಮರಳನ್ನೂ ಹಾಕಿ, ಬೆರಳಿನಿಂದ ಗುಳಿ ತೋಡಿ ನೋಡಲಿ. ಹರಳುಗಳನ್ನು ಗುಳಿಯ ಅಂಚಿಗೆ ಒತ್ತಿ ಜೋಡಿಸಲು ಯತ್ನಿಸಲಿ. ದವಡೆಮೀನು ಬಾಯೊಂದರಿಂದಲೇ ಎಂಥ ಕೆಲಸವನ್ನು ಸಾಧಿಸುತ್ತದೆಂಬುದು ಆಗ ಮನದಟ್ಟಾಗುತ್ತದೆ. ಅಂಥ ಶ್ರಮಜೀವಿಯನ್ನು ಮನೆಗೆ ಕರೆತರುವವನು, ಅದರ ಬಣ್ಣವನ್ನು ಮೆಚ್ಚುವ ಮೊದಲು, ಅದು ಎಂಥ ಮರಳನ್ನು ಬೇಡುತ್ತದೆಂಬುದನ್ನು ಕೇಳಿ ತಿಳಿಯಲಿ.